ಎರಡೇ ಸೀಟಿನ ಕಾರು

ನಾನು ಹಳೇ ಗಾಡಿಗಳ ದಲ್ಲಾಳಿ. ಗದಗಿನ ಅರಳೆ ವ್ಯಾಪಾರಿಯೊಬ್ಬರು ತಮ್ಮ ತಂದೆಯ ಕಾಲದ ಕೆಂಪು ಸ್ಪೋರ್ಟ್ಸ್ ಕಾರನ್ನು ಮಾರಿಕೊಡಲು ಹೇಳಿದ್ದರು. ಅದರ ವೇಗ, ಇಂಜಿನ್ನಿನ ದನಿ, ವಿದೇಶಿ ವಂಶಾವಳಿ ಎಲ್ಲ ಹೊಗಳಿ ಹೊಗಳಿ ನನ್ನ ಬಾಯಿ ಒಣಗಿತ್ತು. ಬಂದವರೆಲ್ಲ ಅದಕ್ಕೆ ಒರಗಿ ಫೋಟೊ ತೆಗೆಸಿಕೊಂಡು ಹೋಗುತ್ತಿದ್ದರು.

ಕೊನೆಗೆ ಕೊರ್ಲಹಳ್ಳಿಯ ಗೌಡರೊಬ್ಬರು ತಾಯಿಯನ್ನು ಕರೆದುಕೊಂಡು ಬಂದರು. ಗೌಡರಿಗೆ ಕಾರು ಹಿಡಿಸಿಬಿಟ್ಟಿತ್ತು. ಅಮ್ಮ ಒಳಗೆ ಕುಳಿತದ್ದೇನೋ ಸರಿ, ಮೇಲೆಬ್ಬಿಸಲು ನಾವಿಬ್ಬರೂ ಕೈ ಹಿಡಿದು ಎಳೆಯಬೇಕಾಯಿತು. ಸೆರಗು ಸರಿ ಮಾಡಿಕೊಂಡು ಅವರು ಮಗನಿಗೆ ಹೇಳಿದರು:

"ಗಾಡ್ಯಾಗ ಕುಂತ್ರ ಮಂದಿ ನಮ್ಮನ್ನ ಕತ್ತೆತ್ತಿ ನೋಡಬೇಕಪಾ. ಇದರಾಗ ಕುಂತ್ರ ನಾವ ಎಮ್ಮಿ ಹೊಟ್ಟಿ ನೋಡಬೇಕಾಗತೈತಿ. ಅದೂ ಎರಡ ಸೀಟು. ಬೀಗರು ಬಂದ್ರ ಎಲ್ಲಿ ಕುಂಡ್ರಸ್ತಿ?"

ಗೌಡರು ತಾಯಿಯ ಹಿಂದೆ ಹೊರಟರು.

ಬೇರೆ ಗಾಡಿ ನೋಡಲು ಬಂದಿದ್ದ ಲಕ್ಷ್ಮೇಶ್ವರದ ಕಿರಾಣಿ ಸಾಹುಕಾರರು ಇದನ್ನೆಲ್ಲ ಕೇಳಿಸಿಕೊಂಡು ನನ್ನನ್ನು ಪಕ್ಕಕ್ಕೆ ಕರೆದರು.

"ಖರೇನ ಎರಡ ಸೀಟೇನ್ರಿ? ಹಿಂದ ಏನೂ ಇಲ್ಲ?"

"ಇಲ್ಲರಿ," ಎಂದೆ ನಾಚಿಕೊಂಡು.

"ಮ್ಯಾಲ ಸಾಮಾನು ಕಟ್ಟಾಕ?"

"ಛತ್ತು ಬಟ್ಟೀದೈತ್ರಿ."

ಅವರ ಮುಖ ಅರಳಿತು. "ನಂದು ಏಳು ಸೀಟಿನ ಗಾಡಿ. ಮದವಿ ದಿನದಾಗ ಓಣಿ ಮಂದಿಗೆ, ಬಳಗಕ್ಕ ಎಲ್ಲಾರಿಗೂ ನಾನ ಡ್ರೈವರ್ ಆಗೇನಿ. ಇದನ್ನ ನನಗ ಕೊಡ್ರಿ."

ಅವರು ಚೌಕಾಸಿಯನ್ನೇ ಮಾಡಲಿಲ್ಲ. ಕಾಗದಪತ್ರ ಮುಗಿದ ದಿನ, ಕಾರು ಹತ್ತಿ ಹೊರಟವರನ್ನು, ನನ್ನನ್ನು ಬಸ್ ಸ್ಟ್ಯಾಂಡಿನ ತನಕ ಬಿಡುತ್ತೀರಾ ಎಂದು ಕೇಳಿದೆ. ಸಾಹುಕಾರರು ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟು, "ಜಾಗಾ ಎಲ್ಲೈತ್ರಿ?" ಎಂದು ಹೊರಟೇಬಿಟ್ಟರು.