ತಪಾಸಣೆ ಡಾಕ್ಟ್ರು ಮನೆಗೆ ಒಯ್ದ ಮಾಂಸ

ಬಂದರಿನ ಶೀತಲ ಗೋದಾಮಿನಲ್ಲಿ ಹೊರದೇಶದ ಮಾಂಸ ತಪಾಸಣೆ ಮಾಡುತ್ತಿದ್ದ ಪಶುವೈದ್ಯರನ್ನು ಎಲ್ಲರೂ 'ಕರಾರುವಾಕ್ಕು ಡಾಕ್ಟ್ರು' ಎನ್ನುತ್ತಿದ್ದರು. ಆರೋಗ್ಯ ಪತ್ರದ ಮೇಲೆ ಮೊಹರು ಓರೆಯಾಗಿ ಬಿದ್ದಿದೆಯೆಂದು ಒಂದಿಡೀ ಕಂಟೇನರ್ ಹಂದಿಮಾಂಸವನ್ನು ವಾಪಸು ಕಳಿಸಿದ ಪುಣ್ಯಾತ್ಮರು.

"ಮಾಂಸ ಚೆನ್ನಾಗೇ ಇದೆಯಲ್ಲ ಸಾರ್," ಎಂದು ಏಜೆಂಟ್ ಗೋಗರೆದಿದ್ದ.

"ಮಾಂಸಕ್ಕೇನೂ ಆಗಿಲ್ಲ ಕಣಯ್ಯ. ಕಾಗದಕ್ಕೆ ಕಾಯಿಲೆ."

ಕಾಗದದಾಚೆ ಅವರ ಕಟ್ಟುನಿಟ್ಟು ಸ್ವಲ್ಪ ಸಡಿಲ. ಪ್ರತಿ ಕಂಟೇನರಿನಿಂದ ಪರೀಕ್ಷೆಗೆಂದು ನಾಲ್ಕು ಕಿಲೋ ಮಾಂಸ ತೆಗೆಯುತ್ತಿದ್ದರು. ಪ್ರಯೋಗಾಲಯಕ್ಕೆ ಬೇಕಾದದ್ದು ಬೆರಳುದ್ದದ ಚೂರು. ಉಳಿದದ್ದನ್ನು ಗೋದಾಮಿನ ಹಿಂದಿನ ಭಟ್ಟಿಯಲ್ಲಿ ಸುಡಬೇಕೆಂಬುದು ನಿಯಮ. ರಿಜಿಸ್ಟರಿನಲ್ಲಿ 'ಸುಡಲಾಯಿತು' ಎಂದು ಬರೆದು, ಸಹಿ ಹಾಕಿ, ಪೊಟ್ಟಣವನ್ನು ಊಟದ ಚೀಲಕ್ಕೆ ಇಳಿಸುವುದು ಅಲ್ಲಿನ ವಾಡಿಕೆ. ಇಪ್ಪತ್ತು ವರ್ಷ ಅವರ ಮನೆಯವರು ಪೇಟೆಯಲ್ಲಿ ಮಾಂಸ ಕೊಂಡದ್ದೇ ಇಲ್ಲ. ಅಡುಗೆಮನೆಯಲ್ಲಿ ಕತ್ತರಿಸಿ ಬಿಟ್ಟ ಹಸಿ ಕೊಬ್ಬು, ಚರ್ಮ, ಮೂಳೆ ಒಂದು ಬಕೆಟ್ಟಿಗೆ ಬೀಳುತ್ತಿತ್ತು. ಭಾನುವಾರ ಅದು ತಂಗಿಯ ಮನೆಗೆ ಹೋಗುತ್ತಿತ್ತು. ಊರ ಹೊರಗೆ ನಲವತ್ತು ಹಂದಿ ಸಾಕಿ ಬದುಕುವ ವಿಧವೆ ಆಕೆ. ಅಣ್ಣನ ಧಾರಾಳತನವನ್ನು ನೆರೆಹೊರೆಗೆಲ್ಲ ಹೊಗಳುತ್ತಿದ್ದಳು.

ಒಂದು ದಿನ ಹಂದಿಗಳ ಕಿವಿ ನೇರಳೆಗೆ ತಿರುಗಿತು. ಮೂರೇ ದಿನದಲ್ಲಿ ಒಂಬತ್ತು ಸತ್ತವು. ಹಸಿ ಮಾಂಸದಿಂದಲೂ ಹಂದಿಗೆ ಅಂಟುವ, ನಾಡಿನಲ್ಲಿ ಅದುವರೆಗೆ ಇಲ್ಲದ ಹಂದಿಜ್ವರ ಎಂದು ಪರೀಕ್ಷೆ ಹೇಳಿತು. ಉಳಿದವನ್ನೂ ಕೊಂದು ಹೂಳಿದರು. ರೋಗ ಎಲ್ಲಿಂದ ಬಂತೆಂದು ವರದಿ ಬರೆಯಲು ಮೇಲಧಿಕಾರಿ ಕರೆತಂದದ್ದು ಯಾರನ್ನು? ಹೊರದೇಶದ ರೋಗಗಳನ್ನು ಅರೆದು ಕುಡಿದ ಕರಾರುವಾಕ್ಕು ಡಾಕ್ಟ್ರನ್ನೇ. ಅವರಿಗೆ ಬಕೆಟ್ಟು ನೆನಪಾಗದೆ ಇರಲಿಲ್ಲ. ಎಂಜಲು ತಿನ್ನಿಸಿದವರು ಮತ್ತೆಂದೂ ಹಂದಿ ಸಾಕುವಂತಿಲ್ಲ ಎಂಬ ಕಾಯ್ದೆಯೂ ಬಾಯಿಪಾಠವಿತ್ತು.

ಖಾಲಿ ಗೂಡಿನ ಮುಂದೆ ನಿಂತು ತಂಗಿ ಅಣ್ಣ ತುಂಬಿದ ವರದಿಯ ಫಾರಂ ಓದಿದಳು. 'ಮಾಲೀಕಳು ಹಂದಿಗಳಿಗೆ ಮನೆಯ ಎಂಜಲು ತಿನ್ನಿಸಿದ್ದಾಳೆ.'

"ಯಾರ ಮನೇದು ಅಂತ ಬರೆದಿಲ್ವಲ್ಲ ಅಣ್ಣ?"

"ಅದಕ್ಕೆ ಕಾಲಂ ಇಲ್ಲಮ್ಮ. ನನ್ನ ಕೈಲೇನಿದೆ ಹೇಳು? ನಿನ್ನದಾದ್ರೆ ನಲವತ್ತು ಹಂದಿ. ನನ್ನ ಕೆಲಸ ಹೋದ್ರೆ ದೇಶಕ್ಕೇ ಕಾವಲಿರಲ್ಲ."

"ಹೌದೌದು. ನೀನು ಕಾದಿದ್ದನ್ನ ನಾನು ಈಗಷ್ಟೇ ಹೂತು ಬಂದೆ."

ಅವಳು ಪೆನ್ನು ಇಸಕೊಂಡಳು. 'ಮಾಲೀಕರ ಹೇಳಿಕೆ' ಎಂಬ ಜಾಗದಲ್ಲಿ ಅಣ್ಣನ ಮನೆಯ ವಿಳಾಸವನ್ನೂ ಬಕೆಟ್ಟು ಬರುತ್ತಿದ್ದ ವಾರವನ್ನೂ ದುಂಡಗೆ ಬರೆದು ಸಹಿ ಹಾಕಿದಳು. ಡಾಕ್ಟ್ರು ಕೈ ಚಾಚಿದರು. ಅವಳು ಕೊಡಲಿಲ್ಲ, ಗೇಟಿನಾಚೆ ಜೀಪಿನಲ್ಲಿ ಕೂತಿದ್ದ ಮೇಲಧಿಕಾರಿಯ ಕಡೆ ನಡೆದಳು.