ದಾರದ ಮೇಲೆ ಒಂದು ಬೆರಳು

ದೆವ್ವ, ಗಾಳಿ, ಮಾಟ ಎಂಬ ಮಾತು ಬಂದರೆ ಎದ್ದು ಹೋಗುವವನು ನಾನು. ಸುಮ್ಮನೆ ಎದ್ದು ಹೋಗುತ್ತಿರಲಿಲ್ಲ, ಹೇಳಿದವರನ್ನು ನಾಲ್ಕು ಜನರ ಮುಂದೆ ಗೇಲಿ ಮಾಡಿಯೇ ಹೋಗುತ್ತಿದ್ದೆ. ಮುಂಬಯಿಯ ನಮ್ಮ ಚಾಳಿನ ವಠಾರದಲ್ಲಿ ಅಜ್ಜಿಯೊಬ್ಬರು ನಲ್ಲಿಯ ಹತ್ತಿರ ಯಾರನ್ನೋ ಕಂಡೆ ಎಂದಾಗ, ಕನ್ನಡಕದ ನಂಬರ್ ಬದಲಾಗಿರಬೇಕು ಎಂದು ಅವರ ಮಗನ ಎದುರಿಗೇ ಅಂದಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಡಿಪ್ಲೊಮಾ ಮುಗಿಸಿ ಮುಂಬಯಿಗೆ ಬಂದ ನಾನು, ವಡಾಲದಲ್ಲಿ ಲಾರಿಗಳು ನಿಲ್ಲುವ ಬಯಲಿನ ಪಕ್ಕ ಡೀಸೆಲ್ ಪಂಪ್ ರಿಪೇರಿಯ ಸಣ್ಣ ವರ್ಕ್‌ಶಾಪ್ ಇಟ್ಟಿದ್ದೆ. ಪಂಪ್ ಎಂದರೆ ರಸ್ತೆ ಬದಿಯ ಬಂಕ್ ಅಲ್ಲ, ಎಂಜಿನ್ನಿಗೆ ಡೀಸೆಲನ್ನು ಅಳೆದು ಕೊಡುವ ಭಾಗ. ಪಿಕಪ್ ಗಾಡಿಯವರಿಗೆಲ್ಲ ಎರಡೇ ಆಸೆ. ಏರಿನಲ್ಲಿ ಗಾಡಿ ಸೋಲಬಾರದು, ಲೀಟರಿಗೆ ಒಳ್ಳೆಯ ಆವರೇಜ್ ಬರಬೇಕು. ಎರಡನ್ನೂ ಒಟ್ಟಿಗೆ ಕೊಡುವವನು ಎಂದು ನನ್ನ ಹೆಸರು ಠಾಣೆಯವರೆಗೂ ಹೋಗಿತ್ತು. ಅದರ ಜಂಭವೂ ನನಗಿತ್ತು.

ಮಾಡುತ್ತಿದ್ದದ್ದು ಇಷ್ಟೇ. ಹಿಂದಿನ ಚಕ್ರಗಳ ಗೇರು ಬದಲಿಸಿ ಎಂಜಿನ್ ನಿಧಾನ ತಿರುಗುವಂತೆ ಮಾಡಿದರೆ ಡೀಸೆಲ್ ಉಳಿಯುತ್ತದೆ, ಆದರೆ ಏರಿನಲ್ಲಿ ಗಾಡಿಗೆ ಉಸಿರು ಕಟ್ಟುತ್ತದೆ. ಅದಕ್ಕಾಗಿ ಪಂಪಿನೊಳಗಿನ ಹಲ್ಲಿನ ಸರಳಿನ ತುದಿಯನ್ನು ಅರದಿಂದ ಉಜ್ಜಿ, ಅದು ಇನ್ನಷ್ಟು ಮುಂದೆ ಸರಿಯುವಂತೆ ಮಾಡುತ್ತಿದ್ದೆ. ಡ್ರೈವರ್ ಕಾಲು ಪೂರ್ತಿ ಒತ್ತಿದಾಗ ಹೆಚ್ಚು ಡೀಸೆಲ್ ಬೀಳುತ್ತಿತ್ತು, ಕಾಲು ತೆಗೆದರೆ ಸರಳು ಹಿಂದಕ್ಕೆ ಬಂದು ಡೀಸೆಲ್ ಕಡಿಮೆಯಾಗುತ್ತಿತ್ತು. ಗಾಡಿ ಮಾಡಿದವರು ಒಪ್ಪುವ ಕೆಲಸವಲ್ಲ. ಆದರೆ ಮೇಲೆ ಸೀಸದ ಸೀಲ್ ಒತ್ತಿಬಿಟ್ಟರೆ ಒಳಗಿನದು ಯಾರಿಗೂ ಕಾಣುವುದಿಲ್ಲ.

ಪಂಪನ್ನು ಪರೀಕ್ಷಿಸಲು ಒಂದು ಟೆಸ್ಟ್ ಬೆಂಚ್ ಇರುತ್ತದೆ. ಮೋಟರು ಪಂಪನ್ನು ತಿರುಗಿಸಿದಾಗ ನಾಲ್ಕು ಗಾಜಿನ ನಳಿಗೆಗಳಲ್ಲಿ ಡೀಸೆಲ್ ಬೀಳುತ್ತದೆ. ಸರಿಯಾದ ಮಟ್ಟಕ್ಕೆ ನಾನು ಕೆಂಪು ದಾರ ಕಟ್ಟಿರುತ್ತಿದ್ದೆ. ನಾನು ಉಜ್ಜಿದ ಪಂಪಿನ ಡೀಸೆಲ್ ಆ ದಾರದ ಮೇಲೆ ಒಂದು ಬೆರಳು ಏರುತ್ತಿತ್ತು. ಡ್ರೈವರುಗಳು ಬಂದು ‘ಒಂದು ಬೆರಳು ಮಾಡಿಕೊಡಿ’ ಎಂದೇ ಕೇಳುತ್ತಿದ್ದರು.

ಸಂಗಪ್ಪ ಸಿಂದಗಿ ಕಡೆಯವನು. ಒಬ್ಬ ಸೇಠನ ಪಿಕಪ್ಪಿನಲ್ಲಿ ತರಕಾರಿ ಸಾಗಿಸುತ್ತಿದ್ದ. ಪವಾಯಿಯ ಏರಿನಲ್ಲಿ ಗಾಡಿ ನಿಲ್ಲುತ್ತದೆ ಎಂದು ಅವನೂ ಒಂದು ಬೆರಳು ಕೇಳಿದ. ಬೆಂಚಿನ ಮೇಲೆ ಅವನ ಪಂಪಿನ ಸರಳು ಒಮ್ಮೆ ಮುಂದೆ ಹೋದದ್ದು ಹಿಂದಕ್ಕೆ ಬರದೆ ಅಲ್ಲೇ ಸಿಕ್ಕಿಕೊಂಡಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದೆ, ಬಂತು. ಬಿಚ್ಚಿ ನೋಡಬೇಕಿತ್ತು. ಹೊರಗೆ ಇನ್ನೂ ಮೂರು ಗಾಡಿ ಕಾಯುತ್ತಿದ್ದವು. ಸೀಲ್ ಒತ್ತಿ ಕೊಟ್ಟುಬಿಟ್ಟೆ.

ತಿಂಗಳೊಪ್ಪತ್ತಿನಲ್ಲಿ ಆ ಗಾಡಿ ಪವಾಯಿಯ ಹತ್ತಿರ ಸೈಕಲ್ಲಿನಲ್ಲಿ ಪಾವ್ ಮಾರುವ ಒಬ್ಬನಿಗೆ ಗುದ್ದಿತು. ಅವನ ಒಂದು ಕಾಲು ಹೋಯಿತು. ಸಂಗಪ್ಪ ಕುಡಿದಿರಲಿಲ್ಲ, ಆದರೆ ಬ್ರೇಕಿನ ಬದಲು ಎಕ್ಸಲರೇಟರ್ ತುಳಿದಿದ್ದಾನೆ ಎಂದು ನೋಡಿದವರೆಲ್ಲ ಹೇಳಿದರು. ಜಾಮೀನಿನ ಮೇಲೆ ಬಿಟ್ಟ ದಿನವೇ ಅವನು ನೇರ ನನ್ನ ಹತ್ತಿರ ಬಂದ.

“ಸಾಹೇಬ್ರ, ನಾ ಕಾಲ ತಗದಿದ್ನ್ರಿ. ದೇವರಾಣಿ ಕಾಲ ತಗದಿದ್ದೆ. ಎಂಜಿನ್ ಕೂಗೂದು ನಿಲ್ಲಲಿಲ್ಲ. ಬ್ರೇಕ್ ಒತ್ತಿದ್ರೂ ಎಳಕೊಂಡ ಹೋತು. ಪಂಪ್ ನಿಮ್ಮ ಕಡೇನ ಬರ್ತೈತಂತ. ನೀವ ನೋಡಿ ಹೇಳ್ರಿ.”

“ನೋಡ್ತೇನಿ, ಹೋಗು” ಎಂದೆ. ಅವನು ನನ್ನ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡ.

ಸೀಲು ನಮ್ಮದಾದ್ದರಿಂದ ಪೊಲೀಸರು ಪಂಪನ್ನು ನಮಗೇ ಕಳಿಸಿ ವರದಿ ಕೇಳಿದ್ದರು. ಪಂಪನ್ನು ಭಾನುವಾರ ಒಬ್ಬನೇ ಬಿಚ್ಚಿದೆ. ಸರಳು ಮುಂದೆ ಹೋಗಿ ಸಿಕ್ಕಿಕೊಂಡಿತ್ತು, ನಾನು ಉಜ್ಜಿದ ಜಾಗದಲ್ಲೇ. ಇದನ್ನು ಬರೆದರೆ ವರ್ಕ್‌ಶಾಪ್ ಮುಚ್ಚುತ್ತದೆ, ಬಹುಶಃ ಜೈಲು. ನಾನು ಆ ಸರಳನ್ನು ತೆಗೆದು ಹೊಸದನ್ನು ಹಾಕಿದೆ. ಎಲ್ಲ ನಿಯಮದ ಪ್ರಕಾರ ಕೂರಿಸಿ ಬೆಂಚಿನ ಮೇಲೆ ಓಡಿಸಿದೆ. ನಾಲ್ಕೂ ನಳಿಗೆಗಳಲ್ಲಿ ಡೀಸೆಲ್ ದಾರದ ಸಮಕ್ಕೆ ನಿಂತಿತು. ನಳಿಗೆ ಖಾಲಿ ಮಾಡಿ, ಮೇನ್ ಸ್ವಿಚ್ ಆರಿಸಿ, ಶಟರಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಬೀಗಕ್ಕೆ ಇದ್ದದ್ದು ಒಂದೇ ಕೀಲಿ, ಅದು ನನ್ನ ಜೇಬಿನಲ್ಲಿತ್ತು.

ಮೂರು ಗಂಟೆಗೆ ತಿರುಗಿ ಬಂದು ಶಟರ್ ಎತ್ತಿದೆ. ನಾಲ್ಕೂ ನಳಿಗೆ ತುಂಬಿದ್ದವು. ದಾರದ ಮೇಲೆ ಒಂದು ಬೆರಳು.

ಖಾಲಿ ಮಾಡುವುದನ್ನು ಮರೆತಿರಬೇಕು ಎಂದುಕೊಂಡೆ. ಆದರೆ ಹೊಸ ಸರಳಿನಲ್ಲಿ ಅಷ್ಟು ಏರುವುದು ಸಾಧ್ಯವೇ ಇಲ್ಲ. ಮೋಟರು ಮುಟ್ಟಿ ನೋಡಿದೆ, ತಣ್ಣಗಿತ್ತು. ಗಾಜು ಮುಟ್ಟಿದೆ, ಬೆಚ್ಚಗಿತ್ತು, ಈಗಷ್ಟೇ ಓಡಿದ ಪಂಪಿನಿಂದ ಬಿದ್ದ ಡೀಸೆಲಿನ ಹಾಗೆ. ಟ್ಯಾಂಕು ಬೆಂಚಿನ ಕೆಳಗಿದೆ. ಮೋಟರು ತಿರುಗದೆ ಡೀಸೆಲ್ ಮೇಲೆ ಹತ್ತುವ ದಾರಿಯೇ ಇಲ್ಲ.

ಮತ್ತೆ ಖಾಲಿ ಮಾಡಿದೆ. ಸ್ಟೂಲ್ ಎಳೆದುಕೊಂಡು ಎದುರಿಗೇ ಕೂತೆ. ಎಷ್ಟು ಹೊತ್ತು ಕೂತರೂ ಏನೂ ಆಗಲಿಲ್ಲ. ನನ್ನ ಹುಚ್ಚಿಗೆ ನಾನೇ ನಕ್ಕು, ಮೂಲೆಯ ಬಕೆಟ್ಟಿನಲ್ಲಿ ಕೈ ತೊಳೆಯಲು ತಿರುಗಿದೆ. ಐದಾರು ಹೆಜ್ಜೆಯ ದೂರ. ಒಂದು ಹನಿ ಬಿದ್ದ ಸದ್ದೂ ಇಲ್ಲ. ತಿರುಗಿ ನೋಡಿದಾಗ ನಾಲ್ಕೂ ತುಂಬಿದ್ದವು, ಅಷ್ಟೇ ಮಟ್ಟಕ್ಕೆ. ಹಾಡುಹಗಲು, ಹೊರಗೆ ಲಾರಿಯವರು ಇಸ್ಪೀಟು ಆಡುತ್ತ ಜಗಳವಾಡುವುದು ಕೇಳುತ್ತಿತ್ತು. ಆದರೂ ಶಟರಿನ ತನಕ ನಡೆಯಲು ನನಗೆ ಕಾಲು ಬರಲಿಲ್ಲ.

ಮರುದಿನ ಇನ್ಸ್‌ಪೆಕ್ಟರ್ ಎದುರು ಅದೇ ಪಂಪನ್ನು ಓಡಿಸಿದೆ. ಡೀಸೆಲ್ ದಾರದ ಸಮಕ್ಕೆ ಬಂದು ನಿಂತಿತು, ಒಂದು ಕೂದಲೂ ಹೆಚ್ಚಿಲ್ಲ. ಪಂಪಿನಲ್ಲಿ ದೋಷವಿಲ್ಲ ಎಂದು ಬರೆದು ಸಹಿ ಮಾಡಿದೆ. ಸಂಗಪ್ಪನ ಲೈಸೆನ್ಸ್ ಹೋಯಿತು, ಕೆಲವು ತಿಂಗಳು ಜೈಲಿನಲ್ಲೂ ಇದ್ದ.

ನಳಿಗೆಗಳು ಮತ್ತೆಂದೂ ಹಾಗೆ ತುಂಬಲಿಲ್ಲ. ಬೆಂಚನ್ನು ಪೂರ್ತಿ ಬಿಚ್ಚಿ ನೋಡಿದೆ, ಪೈಪು ಬದಲಿಸಿದೆ, ಓದಿಕೊಂಡವರನ್ನು ಕೇಳಿದೆ. ಯಾರೂ ಒಂದು ಕಾರಣ ಹೇಳಲಿಲ್ಲ. ಅದು ನನ್ನ ಅಳುಕು ಹುಟ್ಟಿಸಿದ ಭ್ರಮೆ ಎಂದು ನಂಬಲು ಬಹಳ ಪ್ರಯತ್ನಪಟ್ಟೆ, ಆದರೆ ಬೆರಳಿಗೆ ತಾಗಿದ ಆ ಬಿಸಿಯನ್ನು ಭ್ರಮೆ ಎನ್ನಲು ಆಗುವುದಿಲ್ಲ.

ಎರಡು ಮೂರು ವರ್ಷದ ಮೇಲೆ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿಗೆ ಹೋಗಿದ್ದೆ. ಚಹಾ ತಂದಿಟ್ಟವನು ಸಂಗಪ್ಪ. ಎದ್ದು ಹೋಗೋಣವೆನ್ನಿಸಿತು. ಅವನೇ ಸಂತೋಷದಿಂದ ಮಾತಾಡಿಸಿದ. ಬಾಯಿ ತಪ್ಪಿ ಕೇಳಿಬಿಟ್ಟೆ, “ಅವತ್ತು ನೀ ಕಾಲು ತಗದಿದ್ದಿ ಅಲ್ಲ, ಸಂಗಪ್ಪಾ?”

“ತಗದೀನಿ ಅಂತ ಅನಿಸಿತ್ರಿ. ನೀವ ಪಂಪ್ ಬರೋಬ್ಬರಿ ಐತಿ ಅಂತ ಬರದ ಮ್ಯಾಲೆ ಜೈಲಿನ್ಯಾಗ ಕುಂತು ಭಾಳ ವಿಚಾರ ಮಾಡಿದ್ನಿ. ತಗದಿದ್ದಿಲ್ಲ ಕಾಣ್ತೈತಿ. ಆ ಮನಷ್ಯಾನ ಕಾಲ ನಾನ ತಿಂದೆ, ಸಾಹೇಬ್ರ.”

ನಾನು ಹೇಳಬೇಕಾದದ್ದು ಒಂದೇ ವಾಕ್ಯ, ಅದೂ ಆಗಲಿಲ್ಲ. ಸಂಗಪ್ಪನಿಗೆ ತನ್ನ ಕಾಲಿನ ಮೇಲೆ ನಂಬಿಕೆ ಹೋಗಿತ್ತು, ನನ್ನ ಮೇಲೆ ಹೋಗಿರಲಿಲ್ಲ. ಅವನು ಇನ್ನೊಂದು ಚಹಾ ತಂದಿಟ್ಟ, ನಾನು ಅದನ್ನೂ ಕುಡಿದು ಬಂದೆ.