ತಿನ್ನೋರಿಲ್ಲದ ಮನೆಗೆ ಬಂದ ಕೋಳಿಗಳು

ತಮ್ಮ ಹಿತ್ತಲಲ್ಲಿ ನಿಂತಾಗಲೂ ಅವರು ಓಡುವ ಬಸ್ಸಿನಲ್ಲಿ ನಿಂತಂತೆಯೇ ನಿಲ್ಲುತ್ತಿದ್ದರು. ಕಾಲು ಅಗಲ, ಮೊಣಕಾಲು ಸ್ವಲ್ಪ ಸಡಿಲ, ಬಲಗೈ ಬಟ್ಟೆ ಒಣಹಾಕುವ ತಂತಿಯ ಮೇಲೆ. ಒಂದು ಕಾಲಕ್ಕೆ ದುಡ್ಡಿನ ಚೀಲ ಇದ್ದ ಎಡ ಕಂಕುಳಲ್ಲಿ ಈಗ ಒಂದು ಕೋಳಿ. ಕುತ್ತಿಗೆಯ ಕಪ್ಪು ದಾರದಲ್ಲಿ ಹಿತ್ತಾಳೆ ವಿಷಲ್. ತುಮಕೂರು–ಕುಣಿಗಲ್ ರೂಟಿನಲ್ಲಿ ಕಂಡಕ್ಟರ್ ಆಗಿದ್ದು, ರಿಟೈರ್ ಆದ ಮೇಲೆ ಗುಬ್ಬಿಯಲ್ಲಿ ನಮ್ಮ ಪಕ್ಕಕ್ಕೆ ಮನೆ ಕಟ್ಟಿಸಿಕೊಂಡು ಬಂದವರು. ಹೆಂಡತಿ ಆಗಲೇ ತೀರಿಕೊಂಡಿದ್ದರು. ಒಬ್ಬಳೇ ಮಗಳು, ಕುಣಿಗಲ್‌ಗೆ ಕೊಟ್ಟಿದ್ದರು. ನಾನು ಅವರನ್ನು ಕಂಡಕ್ಟರ್ ಮಾವ ಎನ್ನುತ್ತಿದ್ದೆ.

ಹೊತ್ತು ಮುಳುಗುತ್ತಿದ್ದಂತೆ ಒಂದು ಉದ್ದನೆಯ ವಿಷಲ್ ಕೇಳಿಸುತ್ತಿತ್ತು. ಎಲ್ಲೆಲ್ಲೋ ಕೆದಕುತ್ತಿದ್ದ ಕೋಳಿಗಳೆಲ್ಲ ಕತ್ತು ಮುಂದೆ ಮಾಡಿಕೊಂಡು ಓಡಿ ಬರುತ್ತಿದ್ದವು. ಚಪ್ಪಡಿ ಹಾಸಿ ಜಾಲರಿ ಬಿಗಿದ ಗೂಡಿನ ಬಾಗಿಲಲ್ಲಿ ಮಾವ ನಿಂತು, "ಒಳಗಡೆ ನಡೀರಿ, ಒಳಗಡೆ ನಡೀರಿ. ಫುಟ್‌ಬೋರ್ಡಲ್ಲಿ ನಿಲ್ಬ್ಯಾಡಿ" ಎನ್ನುವರು. ಕಿಟಕಿಯಿಂದ ನೋಡುತ್ತ ನಗುವುದು ನನ್ನ ದಿನಚರಿಯಾಗಿಬಿಟ್ಟಿತ್ತು.

ನಮ್ಮತ್ತೆಗೆ ನಗು ಬರುತ್ತಿರಲಿಲ್ಲ. ನಮ್ಮದು ಲಿಂಗ ಕಟ್ಟಿದವರ ಮನೆ. ಮೊಟ್ಟೆ ಎಂಬ ಮಾತನ್ನೂ ಅತ್ತೆ ಅಡುಗೆಮನೆಯ ಹೊಸ್ತಿಲು ದಾಟಿ ಬಂದು ಆಡುತ್ತಿದ್ದರು. ಅಂಥವರ ರಂಗೋಲಿಯನ್ನು ಒಂದು ಬೆಳಗ್ಗೆ ಎರಡು ಕೋಳಿ ಗೋಡೆ ಹಾರಿ ಬಂದು ಕೆದರಿ ಹಾಕಿದವು.

"ಏನ್ ಕಂಡಕ್ಟರ್ರೇ, ಟಿಕೆಟ್ ಕೊಟ್ಟು ನಮ್ಮನೆ ಮುಂದೆ ಇಳ್ಸಿದ್ದೀರಾ ಇವನ್ನ?"

"ತಪ್ಪಾಯ್ತು ಅಕ್ಕಾರೆ. ಟಿಕೆಟ್ ಇಲ್ದೆ ಹತ್ತವೆ. ಫೈನ್ ಹಾಕ್ತೀನಿ ಬುಡಿ."

ಅವತ್ತೇ ಕತ್ತರಿ ಹಿಡಿದು ಕೂತರು. ಪ್ರತಿ ಕೋಳಿಗೂ ಒಂದೇ ಕಡೆಯ ರೆಕ್ಕೆಯ ಗರಿ ಕತ್ತರಿಸಿದರು. "ಎರಡೂ ಕಡೆ ಕತ್ತರಿಸಿದ್ರೆ ಸಮ ಆಗೋಯ್ತದೆ ಕಣವ್ವ. ಒಂದೇ ಕಡೆ ಆದ್ರೆ ವಾಲ್ತವೆ, ಹಾರಕ್ಕಾಗಕಿಲ್ಲ" ಎಂದು ನನಗೆ ಗೋಡೆಯ ಮೇಲಿಂದಲೇ ಪಾಠ ಹೇಳಿದರು. ಅಷ್ಟೆಲ್ಲ ಪಾಡು ಯಾಕೆ ಮಾವ ಎಂದು ಕೇಳಿದ್ದಕ್ಕೆ ಕತ್ತರಿಸಿದ ಗರಿ ಗುಡಿಸುತ್ತ, "ಮಗಳು ಬಸುರಿ" ಎಂದರು.

"ಅವ್ರವ್ವ ಇದ್ದಿದ್ರೆ ನಂಗ್ಯಾಕೆ ಇದೆಲ್ಲ. ಬಾಣಂತನ ನಾನೇ ಮಾಡ್ಬೇಕು. ಬಾಣಂತಿಗೆ ಫಾರಂ ಕೋಳಿ ಹಾಕಕ್ಕಾಯ್ತದಾ? ಮನೇಲಿ ಸಾಕಿದ್ ನಾಟಿ ಕೋಳಿ ಸಾರು ಬಿದ್ರೇನೇ ಸೊಂಟ ಗಟ್ಟಿ ಆಗೋದು. ಮೆಣಸು ಬೆಳ್ಳುಳ್ಳಿ ಮುಂದಾಗಿ ಹಾಕ್ಬೇಕು."

ಆ ಬಾಣಂತನಕ್ಕಾಗಿಯೇ ಸಂತೆಯಿಂದ ಮಂಕರಿ ತಂದು, ಅದರಲ್ಲಿ ಬೂದಿ, ಹುಲ್ಲು ಹಾಸಿ ಹೇಟೆ ಕೋಳಿಯನ್ನು ಕಾವಿಗೆ ಕೂರಿಸಿದರು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಪಕ್ಕದಲ್ಲಿ ಒಂದು ಚೂರು ಇದ್ದಿಲು, ಒಂದು ಮುರುಕು ಕುಡುಗೋಲು ಇಟ್ಟರು. ಮರಿಗಳಾದವು. ಆಗಲೇ ಶುರುವಾದದ್ದು ಮುಂಗುಸಿಯ ಕಾಟ.

ಎರಡೂ ಮನೆಗೆ ಅಂಟಿಕೊಂಡಂತೆ ಒಂದು ಖಾಲಿ ಸೈಟು, ಅದರ ತುಂಬ ಲಂಟಾನ ಪೊದೆ. ಮುಂಗುಸಿ ಇದ್ದದ್ದು ಅದರೊಳಗೆ. ಎದ್ದ ತಕ್ಷಣ ಮುಂಗುಸಿ ಮುಖ ಕಂಡರೆ ದಿನ ಒಳ್ಳೆಯದು ಎಂದು ನಂಬಿದ್ದ ಅತ್ತೆ ಬೆಳಗ್ಗೆ ಆ ಪೊದೆಯ ಕಡೆ ನೋಡದೆ ಕಾಫಿ ಕುಡಿಯುತ್ತಿರಲಿಲ್ಲ. ಸೈಟಿನವರು ಜೆಸಿಬಿ ತರಿಸುತ್ತೇವೆ ಎಂದಾಗ, ಮುಂಗುಸಿ ಇದ್ದರೆ ಹಾವು ಬರುವುದಿಲ್ಲ ಎಂದು ತಡೆದವರೂ ಅವರೇ. ಹೀಗಾಗಿ ಗೋಡೆಯ ಈಚೆ ಶುಭ ಶಕುನವಾದ ದಿನ ಗೋಡೆಯ ಆಚೆ ಒಂದು ಮರಿ ಇಲ್ಲವಾಗುತ್ತಿತ್ತು. ಮಾವ ಹಳೆ ಬಲೆ ಕಟ್ಟಿದರು. ಕೋಲು ಹಿಡಿದು ಹಗಲೆಲ್ಲ ಹಿತ್ತಲಲ್ಲೇ ಕುರ್ಚಿ ಹಾಕಿಕೊಂಡು ಕಾದರು. ಊಟಕ್ಕೆ ಎದ್ದು ಹೋದಷ್ಟರಲ್ಲಿ ಮತ್ತೊಂದು ಹೋಗಿರುತ್ತಿತ್ತು.

ಕೊನೆಗೆ ಗೋಡೆಯ ಹತ್ತಿರ ಬಂದು ಕೈ ಮುಗಿದರು. "ಅಕ್ಕಾರೆ, ನಿಮ್ ಶಕುನ ನನ್ ಮರಿ ತಿಂತಾ ಅದೆ. ಆ ಪೊದೆ ಕೀಳ್ಸಕ್ಕೆ ಒಂದ್ ಮಾತು ಹೇಳಿ."

"ಅದರ ಹೊಟ್ಟೆಪಾಡು ಅದು. ನೀವಾದ್ರೂ ಸಾಕೋದು ತಿನ್ನಕ್ಕೇ ತಾನೆ?" ಎಂದರು ಅತ್ತೆ.

ಮಾವ ಮತ್ತೆ ಕೋಲು ಹಿಡಿದು ಹೋಗಿ ಕುರ್ಚಿಯಲ್ಲಿ ಕೂತರು. ನನಗೆ ಅತ್ತೆಯ ಮೇಲೆ ಕೆಟ್ಟ ಕೋಪ ಬಂದಿತ್ತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಯೋಚಿಸಿದರೆ ಅದೂ ತೋಚುತ್ತಿರಲಿಲ್ಲ.

ಒಂದು ದಿನ ಕುಣಿಗಲ್‌ನಿಂದ ಫೋನ್ ಬಂತು. ಮಾವ ಹಾಕಿದ ಬಟ್ಟೆಯಲ್ಲೇ ತುಮಕೂರಿನ ಆಸ್ಪತ್ರೆಗೆ ಓಡಿದರು. ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಗಿತ್ತು. ಮಗಳು ಉಳಿದಳು. ಅವರು ವಾಪಸ್ ಬಂದ ಸಂಜೆ ವಿಷಲ್ ಕೇಳಿಸಲಿಲ್ಲ. ಕೋಳಿಗಳು ಮುಚ್ಚಿದ ಗೂಡಿನ ಮುಂದೆ ಗುಂಪುಗೂಡಿ ನಿಂತಿದ್ದವು. ನೋಡಲಾರದೆ ಅತ್ತೆಯೇ ಗೋಡೆಯ ಹತ್ತಿರ ಹೋದರು.

"ಕಂಡಕ್ಟರ್ರೇ, ಕತ್ಲಾಯ್ತು. ಕೋಳಿ ಹೊರಗೇ ಇದಾವೆ."

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಮಾವ ತಲೆ ಎತ್ತಲಿಲ್ಲ. "ಯಾರಿಗೆ ಅಂತ ಕೂಡ್ಲಿ ಅಕ್ಕಾರೆ?"

ಮಾರನೆಯ ಬೆಳಗ್ಗೆ ಅತ್ತೆ ಸೈಟಿನವರ ಮನೆಗೆ ತಾವೇ ನಡೆದು ಹೋದರು. ಆ ವಾರವೇ ಜೆಸಿಬಿ ಬಂದು ಪೊದೆ ಬಯಲಾಯಿತು. ಮುಂಗುಸಿ ಎಲ್ಲಿಗೆ ಹೋಯಿತೋ, ಅತ್ತೆ ಮಾತ್ರ ಆಮೇಲೆಯೂ ಕಾಫಿಗೆ ಮುಂಚೆ ಅಭ್ಯಾಸಬಲದಿಂದ ಅತ್ತ ಒಂದು ಸಲ ನೋಡುತ್ತಿದ್ದರು. ಮಾವ ನಿಧಾನವಾಗಿ ಸುಧಾರಿಸಿಕೊಂಡರು. "ಇನ್ನೊಂದ್ ಸಲ ಆಗೇ ಆಯ್ತದೆ" ಎಂದು ಮತ್ತೆ ಕಾವಿಗೆ ಕೂರಿಸಿದರು.

ಮರುವರ್ಷ ಅವರಿಗೇ ಎದೆನೋವು ಬಂತು, ಆಪರೇಷನ್ ಎಂದರು. ಯಾವತ್ತೂ ಹಿತ್ತಲ ಗೋಡೆಯಿಂದ ಮಾತನಾಡಿಸುತ್ತಿದ್ದವರು ಅವತ್ತು ನಮ್ಮ ಮುಂಬಾಗಿಲಿಗೆ ಬಂದರು. ಕೈಯಲ್ಲಿ ಮಂಕರಿ. ಒಳಗೆ ಕೋಳಿಗಳು ಗೊಣಗುತ್ತಿದ್ದವು.

"ಅಕ್ಕಾರೆ, ಇವನ್ನ ಬೇರೆ ಯಾರ್ ಮನೇಲಿ ಬಿಟ್ರೂ ಒಂದ್ ಹಬ್ಬ ಕಳೆಯೋದ್ರೊಳಗೆ ಉಳಿಯಕಿಲ್ಲ. ನೆಂಟರು ಬಂದ್ರೆ ಮುಗೀತು. ನಿಮ್ಮನೇಲಾದ್ರೆ ತಿನ್ನೋರಿಲ್ಲ. ಮಗಳ ಬಾಣಂತನಕ್ಕೆ ಇರ್ಲಿ."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಂಕರಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾವ ಕುತ್ತಿಗೆಯಿಂದ ವಿಷಲ್ ತೆಗೆದು ಜಗಲಿಯ ಮೇಲೆ ಇಟ್ಟರು. "ಇದಿಲ್ದೆ ಗೂಡು ಹತ್ತಕಿಲ್ಲ ಅವು."

ಅವರು ಆಸ್ಪತ್ರೆಯಿಂದ ಬದುಕಿ ಬರಲಿಲ್ಲ. ಅತ್ತೆ ಅವರ ಎಂಜಲು ತಾಗಿದ ವಿಷಲ್ಲನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದರು. ಮೊದಲ ಸಂಜೆ ಊದಲು ಹೋದಾಗ ಬರೀ ಗಾಳಿ ಬಂತು. ಕೆಲವು ದಿನಕ್ಕೆ ಕೈ ಹತ್ತಿತು. ಕೋಳಿಗಳನ್ನು ನಮ್ಮ ಹಿತ್ತಲಿನ ಹೊಸ ಗೂಡಿಗೆ ಸೇರಿಸಿ ಬಂದು ತಣ್ಣೀರು ಸ್ನಾನ ಮಾಡಿ ಪೂಜೆಗೆ ಕೂರುತ್ತಿದ್ದರು. ಬೀದಿಯವರು, "ಏನಮ್ಮಾ, ಕೋಳಿ ಸಾಕ್ತಿದ್ದೀರಂತೆ?" ಎಂದು ಕಿಚಾಯಿಸಿದರೆ, "ನಮ್ಮವಲ್ಲ, ಕಂಡಕ್ಟರ್ರವು" ಎನ್ನುವರು, ಅವರು ಇನ್ನೂ ಇದ್ದಾರೆ ಎಂಬಂತೆ.

ಮಗಳು ಮತ್ತೆ ಬಸುರಿಯಾದಳು, ಹೆತ್ತಳು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಅವಳ ಗಂಡ ಕೋಳಿ ಒಯ್ಯಲು ಬಂದು ಬಾಗಿಲಲ್ಲಿ ಸಂಕೋಚದಿಂದ ನಿಂತ. ನಾನು ಅತ್ತೆಯನ್ನು ಒಳಗೆ ಕರೆದೆ. "ಅತ್ತೆ, ಸಂತೆಯಿಂದ ಬೇರೆ ಕೋಳಿ ತರಿಸಿಕೊಟ್ಟರೆ ಆಗಲ್ವಾ?" ಎಂದೆ.

"ಅವರು ಸಾಕಿದ್ದು ಮಗಳಿಗೆ. ನನಗಲ್ಲ" ಎಂದರು.

ನಡುಹಗಲಲ್ಲಿ ವಿಷಲ್ ಊದಿದರು. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೂ ಅವು ನಂಬಿಕೊಂಡು ಓಡಿ ಬಂದವು. ಒಂದೊಂದನ್ನೇ ಎತ್ತಿ ಅತ್ತೆಯೇ ಮಂಕರಿಗೆ ಹಾಕಿದರು. ಮೂಲೆಯಲ್ಲಿ ಕಾವಿಗೆ ಕೂತಿದ್ದ ಹೇಟೆಯನ್ನು ಆ ಹುಡುಗ ಮುಟ್ಟಲು ಹೋದಾಗ, "ಅದನ್ನ ಏಳಿಸ್ಬೇಡಪ್ಪ. ಎರಡನೇ ಬಾಣಂತನಕ್ಕೆ ಬೇಕಲ್ಲ" ಎಂದರು. ಅವನು ಬೈಕ್ ಹತ್ತುವಾಗ ಗೇಟಿನವರೆಗೂ ಹೋಗಿ, ಬೀದಿಯವರೆಲ್ಲ ಕೇಳುವಂತೆ ಹೇಳಿದರು: "ಮೆಣಸು ಬೆಳ್ಳುಳ್ಳಿ ಮುಂದಾಗಿ ಹಾಕ್ಬೇಕಂತೆ. ಅವಳಪ್ಪ ಹೇಳ್ತಿದ್ರು."

ಆಮೇಲೆ ಸ್ನಾನ ಮಾಡಿದರು. ಊಟ ಬೇಡವೆಂದರು. ಸಂಜೆ ಎದ್ದು ಹಿತ್ತಲಿಗೆ ಹೋಗಿ, ಒಂದು ಕೈಯಲ್ಲಿ ಬಟ್ಟೆಯ ತಂತಿ ಹಿಡಿದು ನಿಂತು, ಉದ್ದಕ್ಕೆ ಒಂದು ವಿಷಲ್ ಊದಿದರು. ಕರೆಯುವುದಕ್ಕೆ ಹೊರಗೆ ಯಾವ ಕೋಳಿಯೂ ಇರಲಿಲ್ಲ.